ಸ್ತೋತ್ರದ ಚಿಕ್ಕಮ್ಮ

ನನ್ನ ತಾಯಿಯ ತಂಗಿಗೆ ನಮ್ಮ ಚರ್ಚಿನ ಸಭೆಯವರು ಇಟ್ಟಿದ್ದ ಹೆಸರು ಸ್ತೋತ್ರದ ಚಿಕ್ಕಮ್ಮ. ಅವಳು ದರ್ಜಿ. ಸ್ಕೂಲ್ ಯೂನಿಫಾರಂ, ಕಿಟಕಿ ಪರದೆ, ದಿಂಬಿನ ಕವರು ಹೊಲಿಯುತ್ತಾಳೆ. ನಾನು ಅವಳ ಮನೆಯಲ್ಲೇ ಇದ್ದು, ಅಂಗಡಿಯಲ್ಲಿ ಕಾಜಾ ಹಾಕುತ್ತೇನೆ, ಗುಂಡಿ ಹಚ್ಚುತ್ತೇನೆ, ಬೈಸಿಕೊಳ್ಳುತ್ತೇನೆ. ಅಳತೆ ಕಾಲಿಂಚು ತಪ್ಪಿದರೂ ಇಡೀ ಹೊಲಿಗೆ ಬಿಚ್ಚಿಸುವ ಹೆಂಗಸು. ದೇವರ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಗೆ ಮೂರನೆಯ ಗುರುವಾರ ಏಳೆಂಟು ಜನ ಭೇಟಿಗೆ ಹೋಗುತ್ತಾರೆ. ಒಂದು ಹಾಡು, ಒಂದು ಪ್ರಾರ್ಥನೆ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಾರೆ. ದುಃಖದಲ್ಲಿರುವವರು ತಮ್ಮ ಬಾಯಿಂದಲೇ, ಆದದ್ದಕ್ಕೆ ದೇವರಿಗೆ ಸ್ತೋತ್ರ ಎಂದು ಹೇಳಬೇಕು. ಹೇಳಿದ ಮೇಲೇ ಚಹಾ. ಅಲ್ಲಿಯವರೆಗೆ ಯಾರೂ ಲೋಟ ಮುಟ್ಟುವಂತಿಲ್ಲ. ಹೆಚ್ಚಿನವರು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಪಾಪ, ಬಂದವರನ್ನು ಎಷ್ಟು ಹೊತ್ತು ಬಾಯೊಣಗಿಸಿ ಕೂರಿಸುವುದು?

ಇಪ್ಪತ್ತು ವರ್ಷ ಈ ತಂಡವನ್ನು ನಡೆಸಿದವಳು ಚಿಕ್ಕಮ್ಮ. ಕಲ್ಲಿನಿಂದಲೂ ನಾರು ತೆಗೆಯುತ್ತಾಳೆ ಎಂದು ಜನ ಮೆಚ್ಚಿ ಹೇಳುತ್ತಿದ್ದರು. ನೋವು ಎಂದರೆ ದೇವರು ನಮ್ಮನ್ನು ಅಳತೆಗೆ ತಕ್ಕಂತೆ ಕತ್ತರಿಸುವುದು ಎಂಬುದು ಅವಳ ಮಾತು. ಕತ್ತರಿ ಹಿಡಿದವಳ ಬಾಯಲ್ಲಿ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ಬಟ್ಟೆಯನ್ನು ಯಾರು ಕೇಳಿದ್ದಾರೆ?

ಅವಳ ಹೆಸರು ಊರೆಲ್ಲ ಹಬ್ಬಿದ್ದು ಕಂಡಕ್ಟರನ ಹೆಂಡತಿಯ ಮನೆಯ ಭೇಟಿಯಿಂದ. ಏಳು ವರ್ಷದ ಹಿಂದಿನ ಮಾತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗು ನಾಲ್ಕು ದಿನ ಬದುಕಿತ್ತು. ತಂಡದ ಜೊತೆ ನಾನು ಹೋದಾಗ ಆಕೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು, ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಚಹಾ ಕೆನೆ ಕಟ್ಟಿತು. ಚಿಕ್ಕಮ್ಮ ಮಾತ್ರ ಆಕೆಯ ಕೈ ಬಿಡಲಿಲ್ಲ.

"ಹೇಳಮ್ಮ, ಒಂದೇ ಮಾತು. ಹೇಳಿಬಿಟ್ರೆ ಎದೆ ಹಗುರ ಆಗುತ್ತೆ."

ಎರಡೂವರೆ ಗಂಟೆ ಕಳೆದ ಮೇಲೆ ಗೋಡೆಯ ಕಡೆಯಿಂದ ಸಣ್ಣ ದನಿಯಲ್ಲಿ ಆ ಮಾತು ಬಂತು. ಎಲ್ಲರೂ "ಆಮೆನ್" ಎಂದರು. ಎಲ್ಲರ ಜೊತೆ ನಾನೂ ಎಂದೆ. ವರ್ಷ ತುಂಬುವುದರೊಳಗೆ ಆಕೆ ತಂಡಕ್ಕೇ ಸೇರಿದಳು. ಎಲ್ಲಿ ಯಾರು ಹಿಂಜರಿದರೂ ಚಿಕ್ಕಮ್ಮ ಆಕೆಯನ್ನು ಮುಂದೆ ಕೂರಿಸಿ, "ಇವಳನ್ನ ನೋಡಿ" ಎನ್ನುತ್ತಿದ್ದಳು.

ಕಳೆದ ವರ್ಷ ಚಿಕ್ಕಮ್ಮನ ಒಬ್ಬಳೇ ಮಗಳು ತೀರಿಕೊಂಡಳು. ನಾವು ಅವಳನ್ನು ಗುಬ್ಬಿ ಎನ್ನುತ್ತಿದ್ದೆವು, ಅಷ್ಟು ಮಾತು. ಇಪ್ಪತ್ತೆರಡು ವರ್ಷ. ಒಂದು ಆಫೀಸಿನಲ್ಲಿ ಟೈಪಿಸ್ಟ್. ಜ್ವರ ಎಂದು ಮಲಗಿದವಳು ಹನ್ನೊಂದನೆಯ ದಿನ ಹೋಗಿಬಿಟ್ಟಳು. ಡಾಕ್ಟರು ಏನೋ ಹೆಸರು ಹೇಳಿದರು. ಹೆಸರು ತಿಳಿದು ನಾವೇನು ಮಾಡಬೇಕಿತ್ತು?

ಮೂರನೆಯ ಗುರುವಾರ ತಂಡ ನಮ್ಮ ಮನೆಗೇ ಬಂತು. ಪಾಸ್ಟರು, ಮಂಡಿನೋವಿನ ಹಿರಿಯರು, ಕಂಡಕ್ಟರನ ಹೆಂಡತಿ, ಒಟ್ಟು ಎಂಟು ಜನ. ನಾನು ಚಹಾ ತಂದಿಟ್ಟೆ. ಹಾಡಾಯಿತು, ಪ್ರಾರ್ಥನೆಯಾಯಿತು, ಕಣ್ಣುಗಳು ಮುಚ್ಚಿದವು. ಚಿಕ್ಕಮ್ಮ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ ಬಾಯಿ ತೆರೆದಳು.

"ಚಹಾ ಕುಡೀರಿ, ಆರಿಹೋಗುತ್ತೆ."

ಯಾರೂ ಕದಲಲಿಲ್ಲ. ಕತ್ತಲಾಗುವವರೆಗೂ ಕೂತರು. ಕೊನೆಗೆ ಹಿರಿಯರ ಮಂಡಿಯೇ ಸೋತು, "ಮುಂದಿನ ಗುರುವಾರ ಮತ್ತೆ ಬರ್ತೀವಿ, ಅಮ್ಮ" ಎಂದು ಎದ್ದರು. ಹೀಗೆ ಬರಿಗೈಯಲ್ಲಿ ಎದ್ದದ್ದು ಸಭೆಯ ನೆನಪಿನಲ್ಲೇ ಮೊದಲು. ಭಾನುವಾರದ ಹೊತ್ತಿಗೆ ಗುಸುಗುಸು ಶುರುವಾಯಿತು. ಊರಿಗೆಲ್ಲ ಹೇಳಿಕೊಟ್ಟವಳ ವಿಶ್ವಾಸ ಇಷ್ಟೇನಾ ಎಂದು ನನ್ನ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಎಲುಬಿಲ್ಲದ ನಾಲಗೆಗಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ನಾಲಗೆಗಳಿಗೆ ಸಾಣೆ ಹಿಡಿದುಕೊಟ್ಟವಳು ನಮ್ಮ ಚಿಕ್ಕಮ್ಮನೇ ಅಲ್ಲವೇ?

ಅವಳು ಅತ್ತಿದ್ದು ಬುಧವಾರ, ಹೊಲಿಗೆ ಯಂತ್ರದ ಮುಂದೆ. ಗುಬ್ಬಿಗಾಗಿ ಎಂದುಕೊಂಡೆ. ಅಲ್ಲ.

"ಎರಡೂವರೆ ಗಂಟೆ ಕೂತಿದ್ನಲ್ಲೇ," ಎಂದಳು. "ಬಾಣಂತಿ ಅವಳು. ಎದೆಹಾಲು ಕಟ್ಟಿ ನೋಯ್ತಿತ್ತೇನೋ. ನಾನು ಕೈ ಬಿಡಲಿಲ್ಲ. ನಡಿ, ಈಗ್ಲೇ ಹೋಗೋಣ."

ಕಂಡಕ್ಟರನ ಮನೆ ಒಂದೇ ಕೋಣೆಯದು. ಮೊಳೆಗೆ ಟಿಕೆಟ್ ಚೀಲ ನೇತುಹಾಕಿತ್ತು. ಆಕೆ ಗಂಡನ ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಚಿಕ್ಕಮ್ಮ ಕೂರಲೂ ಇಲ್ಲ.

"ಅವತ್ತು ನಿನ್ನ ಬಾಯಿಂದ ಆ ಮಾತನ್ನ ಕಿತ್ತೆ. ತಪ್ಪಾಯ್ತು, ತಾಯಿ. ಅದು ನೀನು ಹೇಳಬೇಕಾದ ಮಾತಾಗಿರಲಿಲ್ಲ. ನನ್ನನ್ನ ಬೈದುಬಿಡು."

ಆಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಮುಖ ಬಿಳಿಚಿಕೊಂಡಿತ್ತು.

"ಆರು ವರ್ಷ ಆದ್ಮೇಲೆ ಹೇಳ್ತೀರಾ, ಅಕ್ಕ?"

"ನನಗೆ ಬಂದ ಮೇಲೇ ಗೊತ್ತಾಗಿದ್ದು."

"ಅವತ್ತು ನಾನು ಸುಳ್ಳೇ ಹೇಳಿದ್ದು. ನೀವು ಎದ್ದು ಹೋದ್ರೆ ಸಾಕಾಗಿತ್ತು. ಆಮೇಲೆ ಮರುದಿನ ಬೆಳಗ್ಗೆ ಏಳೋಕೆ ಆಗಲಿಲ್ಲ, ಅದನ್ನೇ ಹೇಳಿ ಎದ್ದೆ. ಅದರ ಮರುದಿನವೂ ಹಾಗೇ. ಹೇಳ್ತಾ ಹೇಳ್ತಾ ನಿಜ ಆಯ್ತೋ, ಅಭ್ಯಾಸ ಆಯ್ತೋ ನನಗೆ ಗೊತ್ತಿಲ್ಲ. ಆದ್ರೆ ನನ್ನ ಮಗು ಯಾವುದೋ ಕಾರಣಕ್ಕೆ ಹೋಯ್ತು ಅಂತ ನಂಬಿದೀನಿ. ಈಗ ಬಂದು ಹಾಗೇನಿಲ್ಲ, ಸುಮ್ನೆ ಸತ್ತಿದ್ದು ಅಂತೀರಾ?"

"ನಾನು ಹಾಗೆ..."

"ನಾಳೆ ನೀವು ಹೇಳದೆ ಹೋದ್ರೆ ಹಾಗೇ ಆಗೋದು. ನನಗೆ ಕಲಿಸಿದವರೇ ನೀವು. ನೀವೇ ಕೈಬಿಟ್ರೆ ನಾಡಿದ್ದು ಬೆಳಗ್ಗೆ ನಾನು ಏನ್ ಹೇಳ್ಕೊಂಡು ಏಳ್ಲಿ?"

ಕ್ಷಮೆ ಕೇಳಲು ಹೋದ ಚಿಕ್ಕಮ್ಮನಿಗೆ ಅದು ಸಿಗಲಿಲ್ಲ. ದಾರಿಯುದ್ದಕ್ಕೂ ನಾನು ಹಲ್ಲು ಕಚ್ಚಿಕೊಂಡು ನಡೆದೆ, ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯದೆ.

ಗುರುವಾರ ಎಂಟೂ ಜನ ಬಂದರು. ಎಲ್ಲರೂ ಕಣ್ಣು ಮುಚ್ಚಿದರು, ಮೂವರನ್ನು ಬಿಟ್ಟು. ನಾನು ಮುಚ್ಚಲಿಲ್ಲ. ಕಂಡಕ್ಟರನ ಹೆಂಡತಿಯೂ ಮುಚ್ಚಲಿಲ್ಲ, ಚಿಕ್ಕಮ್ಮನನ್ನೇ ನೋಡುತ್ತಿದ್ದಳು. ಚಿಕ್ಕಮ್ಮ ಮೇಲೆ ನೋಡಲಿಲ್ಲ, ಕೈ ಜೋಡಿಸಲಿಲ್ಲ. ಆಕೆಯ ಮುಖವನ್ನೇ ನೋಡುತ್ತ, ಸ್ಪಷ್ಟವಾಗಿ, "ದೇವರಿಗೆ ಸ್ತೋತ್ರ" ಎಂದಳು.

ಆಮೆನ್‌ಗಳ ಸುರಿಮಳೆಯಾಯಿತು. ಹಿರಿಯರ ಕಣ್ಣಲ್ಲಿ ನೀರು ಬಂತು. ಎಲ್ಲರೂ ಹೋದ ಮೇಲೆ ನಾನು ತಡೆಯಲಾರದೆ, "ಯಾಕೆ ಹೇಳಿದೆ?" ಎಂದು ಕೇಳಿದೆ.

"ದೇವರಿಗೆ ಹೇಳಿದ್ದಲ್ಲ ಕಣೆ. ಅವಳಿಗೆ ಹೇಳಿದ್ದು. ದೇವರಿಗೆ ಹೇಳೋ ಮಾತು ಬೇರೆ ಇದೆ, ಅದನ್ನ ಈ ಜನದ ಮುಂದೆ ಆಡೋ ಹಾಗಿಲ್ಲ."

ಆ ಭಾನುವಾರ ಪಾಸ್ಟರು ಪ್ರಸಂಗದಲ್ಲಿ ಅವಳ ವಿಶ್ವಾಸವನ್ನು ಕೊಂಡಾಡಿದರು. ಆಮೇಲೆ ಬಾಗಿಲಲ್ಲಿ ತಡೆದು ಒಂದು ವಿಳಾಸದ ಚೀಟಿ ಹಿಡಿದರು. ಒಬ್ಬ ಬಡಗಿ, ಹೆಂಡತಿ ತೀರಿಕೊಂಡು ಎರಡು ವಾರ, ಯಾರ ಜೊತೆಯೂ ಮಾತಾಡುತ್ತಿಲ್ಲವಂತೆ.

"ನೀವು ಹೇಳಿದ್ರೆ ಕೇಳ್ತಾನಮ್ಮ. ನೀವು ದಾಟಿ ಬಂದವರು."

"ನನ್ನನ್ನ ಕಳಿಸಬೇಡಿ, ಅಯ್ಯಾ," ಎಂದಳು ಚಿಕ್ಕಮ್ಮ. "ಅವನಿಗೆ ನಿಜ ಹೇಳಿಬಿಡ್ತೀನಿ."

ಪಾಸ್ಟರು ಕಕ್ಕಾಬಿಕ್ಕಿಯಾಗಿ ನಿಂತರು. ಹಿಂದಿನಿಂದ ಕಂಡಕ್ಟರನ ಹೆಂಡತಿ ಕೈಚಾಚಿ ಆ ಚೀಟಿಯನ್ನು ತೆಗೆದುಕೊಂಡಳು. ಈಗ ತಂಡವನ್ನು ನಡೆಸುವವಳು ಅವಳೇ. ಬಡಗಿಯ ಮನೆಯಲ್ಲಿ ಅವನ ಕೈ ಹಿಡಿದು ನಾಲ್ಕು ಗಂಟೆ ಕೂತಿದ್ದಳಂತೆ. ಕೊನೆಗೆ ಅವನೂ ಹೇಳಿದನಂತೆ.