ಒಂದು ಸಲವೂ ತಪ್ಪಿಲ್ಲ ಎಂದು ಬರೆದವಳು

ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ನಾವು ಮೈಸೂರಿನಿಂದ ವಾರಾಣಸಿಗೆ ಬಂದ ಮೇಲೆ ಭೇಲೂಪುರದ ಒಂದು ಸ್ಟಾರ್ಟಪ್ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ಹೊಸ ಉದ್ಯಮ ಕಟ್ಟಲು ಹೊರಟ ಹುಡುಗ ಹುಡುಗಿಯರಿಗೆ ಅಲ್ಲಿ ಕೂರಲು ಜಾಗ, ಉಪಕರಣ, ತಿಳಿದವರ ಸಲಹೆ ದೊರೆಯುತ್ತಿತ್ತು. ಅವರ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ತಿದ್ದಿ ಚಂದ ಮಾಡಿಕೊಡುವುದು ನನ್ನ ಕೆಲಸ. ಅದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಜಂಬವೂ ಇತ್ತು.

ಆ ಮಳೆಗಾಲ ನಮ್ಮ ಕೇಂದ್ರ ದೊಡ್ಡದೊಂದು ಯುವ ಸಮ್ಮೇಳನದ ಜೊತೆ ಕೈಜೋಡಿಸಿತು. ನಮ್ಮಲ್ಲಿನ ಐವರಿಗೆ ಅವರ ವೇದಿಕೆಯಲ್ಲಿ ಮಾತಾಡುವ ಅವಕಾಶ; ಆಯ್ಕೆಯಾದವರಿಗೆ ಒಂದು ವರ್ಷದ ಬೆಂಬಲ. "ಈ ಐವರು ಚೆನ್ನಾಗಿ ಮಾಡಿದರೆ ಮುಂದಿನ ಸಲವೂ ನಮ್ಮನ್ನು ಕರೆಯುತ್ತಾರೆ" ಎಂದಿದ್ದರು ನಮ್ಮ ನಿರ್ದೇಶಕಿ. ಆ ಐವರಲ್ಲಿ ಒಬ್ಬಳನ್ನು ಹಟ ಹಿಡಿದು ಸೇರಿಸಿದವಳು ನಾನು.

ಅವಳ ಅಪ್ಪ ಬಾಗಲಕೋಟೆ ಕಡೆಯವರು, ಇಲ್ಲಿನ ಕನ್ನಡದವರ ಮಠದಲ್ಲಿ ಅಡುಗೆ ಮಾಡುತ್ತಿದ್ದರು. ಕೇದಾರ ಘಾಟ್ ಹತ್ತಿರದ ಗಲ್ಲಿಯಲ್ಲಿ ಮನೆ. ಅಲ್ಲೇ ಹುಟ್ಟಿ ಬೆಳೆದ ಹುಡುಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಗಂಗೆಯ ನೀರು ಏರಿದೊಡನೆ ದೋಣಿಯವರ ಫೋನಿಗೆ ಕರೆ ಹೋಗುವಂಥ ಪೆಟ್ಟಿಗೆಯೊಂದನ್ನು ಮಾಡಿದ್ದಳು. ಘಾಟಿನ ಮೆಟ್ಟಿಲಿಗೆ ಬಿಗಿದ ಕೊಳವೆ, ಅದರೊಳಗೊಂದು ತೇಲುವ ಬೆಂಡು. ಬೆಂಡು ಮೇಲೇರಿದರೆ ಕರೆ. "ಈವರೆಗೆ ಚೆನ್ನಾಗಿ ನಡೀತಿದೆ" ಎಂದಷ್ಟೇ ಅವಳು ಅರ್ಜಿಯಲ್ಲಿ ಬರೆಸಿದ್ದಳು. ನನಗೆ ಅದು ಸಪ್ಪೆ ಅನ್ನಿಸಿತು. "ಒಂದು ಸಲವೂ ತಪ್ಪಿಲ್ಲ. ದೋಣಿಯವರು ಈಗ ನಿಶ್ಚಿಂತೆಯಿಂದ ಮಲಗುತ್ತಾರೆ" ಎಂದು ತಿದ್ದಿದೆ. ಸಮ್ಮೇಳನದವರು ಅದನ್ನೇ ತಮ್ಮ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದರು.

ಸಮ್ಮೇಳನದ ದಿನ ಬೆಳಿಗ್ಗೆ ಎಂಟಕ್ಕೆ ಅವಳು ಸಭಾಂಗಣದಲ್ಲಿರಬೇಕಿತ್ತು. ಬರಲಿಲ್ಲ. ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. "ನಿಮ್ಮ ಐದನೆಯವರು ಎಲ್ಲಿ ಮೇಡಂ?" ಎಂದು ವ್ಯವಸ್ಥಾಪಕ ಎರಡು ಸಲ ಕೇಳಿದ. "ದಾರಿಯಲ್ಲಿದ್ದಾಳೆ" ಎಂದು ಎರಡು ಸಲವೂ ಸುಳ್ಳು ಹೇಳಿದೆ. ಅವಳ ಸರದಿ ಹನ್ನೊಂದೂವರೆಗೆ. ಒಂಬತ್ತಾದಾಗ ತಡೆಯಲಾಗದೆ ಆಟೊ ಹಿಡಿದೆ. ಆಟೊ ಹೋಗುವಷ್ಟು ದೂರ ಹೋಗಿ, ಮಿಕ್ಕ ದಾರಿಯನ್ನು ಸೀರೆ ಎತ್ತಿ ಹಿಡಿದು ಕೆಸರಿನಲ್ಲಿ ನಡೆದೆ. ಕಾಯಿಲೆಯೋ, ಅಪಘಾತವೋ, ಹೆದರಿ ಮನೆಯಲ್ಲೇ ಕೂತಳೋ ಎಂದು ಏನೇನೋ ಯೋಚನೆ.

ಗಲ್ಲಿಯ ಬಾಯಲ್ಲೇ ಅವಳ ಅಪ್ಪ ಸಿಕ್ಕರು. "ಆಕಿ ಘಾಟಿನಾಗ ಅದಾಳ್ರಿ ಅಕ್ಕಾರ. ಬೆಳಿಗ್ಗಿಂದ ಒಂದು ತುತ್ತು ತಿಂದಿಲ್ಲ."

"ಏನಾಯ್ತು?"

"ನೀರು ಏರೇತ್ರಿ. ಪೆಟ್ಟಿಗಿ ಬಾಯೇ ಬಿಡ್ಲಿಲ್ಲ."

ಮೇಲಿನ ಮೆಟ್ಟಿಲೊಂದರ ಮೇಲೆ ಅವಳು ಒದ್ದೆ ಬಟ್ಟೆಯಲ್ಲೇ ಕೂತಿದ್ದಳು. ತೊಡೆಯ ಮೇಲೆ ಬಿಚ್ಚಿದ ಕೊಳವೆ. ಕೆಳಗೆ ಕಂದು ನೀರು. ಪಕ್ಕೆ ಸೀಳಿದ ದೋಣಿಯೊಂದನ್ನು ನಾಲ್ಕೈದು ಜನ ಎಳೆಯುತ್ತಿದ್ದರು.

"ಅಲಾರಮ್ ಬಜಲೇ ಇಲ್ರಿ ಅಕ್ಕಾ" ಎಂದಳು. ಹಿಂದಿಯ ಮಾತಿಗೆ ಕನ್ನಡದ ಬಾಲ ಹಚ್ಚುವ ಅವಳ ರೀತಿ ನನಗೆ ಯಾವಾಗಲೂ ನಗು ತರಿಸುತ್ತಿತ್ತು. ಅವತ್ತು ತರಿಸಲಿಲ್ಲ. ಕೊಳವೆಯೊಳಗೆ ಚೆಂಡುಹೂವಿನ ಹಾರದ ದಾರ ಸುತ್ತಿಕೊಂಡು, ಮೇಲೆ ಕೆಸರು ತುಂಬಿ, ಬೆಂಡು ಕೆಳಗೇ ಸಿಕ್ಕಿಬಿದ್ದಿತ್ತು. "ಆ ದೋಣಿ ನಮ್ಮ ಗಲ್ಲಿ ಚಾಚಾನದು. ದಿನಾ ರಾತ್ರಿ ಎರಡು ಸಲ ಎದ್ದು ಹಗ್ಗ ನೋಡ್ತಿದ್ರು. ನಿನ್ನಿ ಏಳ್ಲೇ ಇಲ್ಲ. ತೇರೀ ಮಶೀನ್ ಹೈ ನಾ, ನಿನ್ನ ಮಶೀನ್ ಐತಲ್ಲ ಅಂತ ಮಲಗ್ಯಾರ. ನೀರು ಏರಿ ಹಗ್ಗ ಹರಿದು ದೋಣಿ ಕಲ್ಲಿಗೆ ಬಡ್ಯಾಕತ್ತಿತ್ತು. ಬೆಳಿಗ್ಗೆ ಓಡಿ ಬಂದು ಹಿಡಿಯಾಕ ಹೋಗಿ, ದೋಣಿಗೂ ಕಲ್ಲಿಗೂ ನಡುವ ಕೈ ಸಿಕ್ಕು ಮೂರು ಬೆರಳು ಜಜ್ಜಿ ಹೋದ್ವು."

ನಾನು ಚಾಚಾ ಹೇಗಿದ್ದಾರೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಗಡಿಯಾರ ನೋಡಿದೆ. "ಇದನ್ನೆಲ್ಲ ಅಲ್ಲಿ ಹೇಳೋದು ಬೇಡ. ನಾಲ್ಕೇ ನಿಮಿಷ. ಯಂತ್ರ ಏನು ಮಾಡುತ್ತೆ ಅಂತಷ್ಟೇ ಹೇಳು. ಆಮೇಲೆ ರಿಪೇರಿ ಮಾಡಿದ್ರಾಯ್ತು."

ಅವಳು ನನ್ನನ್ನೇ ನೋಡಿದಳು. "ಆ ಪುಸ್ತಕದಾಗ ಒಂದು ಸಲಾನೂ ತಪ್ಪಿಲ್ಲ ಅಂತ ಐತಂತಲ್ರಿ. ನಾ ಹಂಗ ಹೇಳಿದ್ನೇನ್ರಿ?"

"ಇಲ್ಲ. ನಾನು ಬರೆದದ್ದು."

ಅವಳು ಎದ್ದಳು. "ಬರ್ತೀನ್ರಿ. ಆದ್ರ ಖರೇ ಹೇಳ್ತೀನಿ. ನಿಮ್ಮ ಹೆಸರು ತಗಿಯಂಗಿಲ್ಲ, ಹೆದರಬ್ಯಾಡ್ರಿ."

ನನ್ನ ಹೆದರಿಕೆ ಅವಳಿಗೆ ಅಷ್ಟು ಸ್ಪಷ್ಟವಾಗಿ ಕಂಡಿತ್ತಲ್ಲ ಎಂದು ಕುಗ್ಗಿಹೋದೆ. ಕೊಳವೆಯನ್ನು ಗಮ್ಛಾ ಟವೆಲಿನಲ್ಲಿ ಸುತ್ತಿಕೊಂಡು ಅವಳು ಆಟೊ ಹತ್ತಿದಳು. ಚೌಕದಲ್ಲಿ ವಾಹನಗಳು ಸಿಕ್ಕಿಕೊಂಡಾಗ, ಇಲ್ಲೇ ಹನ್ನೊಂದೂವರೆ ಕಳೆದುಹೋಗಲಿ ಎಂದು ಮನಸ್ಸು ಬಯಸಿದ್ದೂ ನಿಜ. ಕಳೆಯಲಿಲ್ಲ. ಹನ್ನೊಂದಕ್ಕೇ ತಲುಪಿದೆವು.

ನಿರ್ದೇಶಕಿಯನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವರು ಪುಸ್ತಿಕೆ ತೆರೆದು ಆ ಸಾಲನ್ನು ಓದಿದರು. "ನೀವು ಹೀಗೆ ತಿದ್ದಿದ್ದು ಅವಳಿಗೆ ಗೊತ್ತಿತ್ತೇ?"

"ಇಲ್ಲ."

"ಹಾಗಾದರೆ ಅವಳಿಗಿಂತ ಮೊದಲು ನೀವು ವೇದಿಕೆಗೆ ಹೋಗಿ."

ಸಭಾಂಗಣ ಕಿಕ್ಕಿರಿದಿತ್ತು. ನನ್ನ ಹಿಂದಿ ಮೊದಲೇ ಹರಕುಮುರುಕು. ಪುಸ್ತಿಕೆಯ ಆ ಮಾತು ಸುಳ್ಳು, ಬರೆದವಳು ನಾನು, ಈ ಹುಡುಗಿಯಲ್ಲ ಎಂದಷ್ಟು ಹೇಳಿ ಇಳಿದುಬಿಟ್ಟೆ. ಯಾರೋ ನಕ್ಕರು. ಮುಂದಿನ ಸಾಲಿನಲ್ಲಿದ್ದ ವ್ಯವಸ್ಥಾಪಕ ತಲೆ ತಗ್ಗಿಸಿದ.

ಆಮೇಲೆ ಅವಳು ಬಂದು ಗಮ್ಛಾ ಬಿಚ್ಚಿ ಕೊಳವೆ ಎತ್ತಿ ತೋರಿಸಿದಳು. ದಾರ ಇನ್ನೂ ಅದರಲ್ಲೇ ಇತ್ತು. ತೀರ್ಪುಗಾರರೊಬ್ಬರು ಕೇಳಿದರು: "ಹಾಗಾದರೆ ನಾವು ಇದನ್ನು ಏಕೆ ನಂಬಬೇಕು?"

"ಈಗಲೇ ನಂಬಬೇಡಿ" ಎಂದಳು ಹಿಂದಿಯಲ್ಲಿ. "ರಾತ್ರಿ ಎದ್ದು ಹಗ್ಗ ನೋಡುವುದನ್ನು ಬಿಡಬೇಡಿ ಅಂತ ಘಾಟಿನವರಿಗೂ ಹೇಳಿ ಬಂದಿದ್ದೇನೆ."

ಅವಳು ಆಯ್ಕೆಯಾಗಲಿಲ್ಲ. ಮರುವರ್ಷ ಸಮ್ಮೇಳನದವರು ನಮ್ಮ ಕೇಂದ್ರವನ್ನು ಕರೆಯಲೂ ಇಲ್ಲ. ಕೆಲಸ ಹೋಗುತ್ತದೆಂದು ನಾನು ವಾರಗಟ್ಟಲೆ ನಿದ್ದೆಗೆಟ್ಟೆ; ಹೋಗಲಿಲ್ಲ. ಆದರೆ ಅರ್ಜಿ ತಿದ್ದಿದ ಮೇಲೆ ಅದನ್ನು ಬರೆಸಿದವರ ಭಾಷೆಯಲ್ಲೇ ಓದಿ ಹೇಳಿ ಒಪ್ಪಿಗೆ ಪಡೆಯಬೇಕೆಂದು ನಿರ್ದೇಶಕಿ ನಿಯಮ ಮಾಡಿದರು.

ಆ ದಿನ ಪ್ರಶ್ನೆ ಕೇಳಿದ ತೀರ್ಪುಗಾರರೇ ಊಟದ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಬಂದು, ಬೆಂಡಿಲ್ಲದೆಯೇ ನೀರಿನ ಮಟ್ಟ ಅಳೆಯುವ ದಾರಿಯೊಂದನ್ನು ಕಾಗದದ ಮೇಲೆ ಗೀಚಿ ತೋರಿಸಿದರು. ಅದನ್ನು ಹಿಡಿದು ಚಳಿಗಾಲವೆಲ್ಲ ನಮ್ಮ ಕೇಂದ್ರದಲ್ಲೇ ಕೂತು ಅವಳು ಇನ್ನೊಂದು ಪೆಟ್ಟಿಗೆ ಮಾಡಿದಳು. ಚಾಚಾನ ಒಂದು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಆ ಹೊಸ ಪೆಟ್ಟಿಗೆಯನ್ನು ಬಿಗಿಯಲು ಜಾಗ ತೋರಿಸಿ, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತವರು ಅವರೇ.