ಬಲಗಡೆಯ ನಾಲ್ಕು ಇಂಚು

ಮೂವತ್ತು ವರ್ಷ ಸಾಲಿಯಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲು ನಿಲ್ಲಿಸಿದವನು ನಾನು. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಏಳಕ್ಕೆ ಚಹಾ. ನಿವೃತ್ತಿಯಾದ ಮೇಲೂ ಇದು ತಪ್ಪಿಲ್ಲ. ಗಜೇಂದ್ರಗಡದ ಫ್ಲೆಕ್ಸ್ ಅಂಗಡಿಯವನ ಮೇಲಿನ ಸಿಟ್ಟನ್ನೂ ಹಾಗೆಯೇ ದಿನಾ ತಪ್ಪದೆ ಮಾಡಿದೆ.

ನನ್ನ ಹೆಂಡತಿ, ಜಕ್ಕಲಿ ಮತ್ತು ರಾಜೂರು ಈ ಎರಡೂ ಊರಿನ ಹೆಣ್ಣುಮಕ್ಕಳಿಗೆಲ್ಲ ಹೊಲಿಗೆ ಕಲಿಸಿದವಳು. ಅವರು ಕೂಡಿ ರೋಣದಲ್ಲಿ ಅವಳಿಗೆ ಸನ್ಮಾನ ಇಟ್ಟರು. ಆ ಅಂಗಡಿಯಲ್ಲೇ ಮಾಡಿಸಿದ ಎಂಟು ಅಡಿ ಅಗಲದ ಫ್ಲೆಕ್ಸಿನಲ್ಲಿ ಎಲ್ಲರೂ ಸಾಲಾಗಿ ನಿಂತ ಫೋಟೋ. ಹುಡುಗಿಯರು ನಡುವೆ ಇರಲಿ ಎಂದು ಅವಳು ಬಲತುದಿಗೆ ಸರಿದಿದ್ದಳು. ವೇದಿಕೆಯ ಮೇಲೆ ಫ್ಲೆಕ್ಸ್ ಬಿಚ್ಚಿದಾಗ ಎಲ್ಲರೂ ಇದ್ದರು, ಅವಳು ಅರ್ಧ ಇದ್ದಳು. ಒಂದು ಕಣ್ಣು, ಒಂದು ಕಿವಿ.

"ಸನ್ಮಾನಾನೂ ಅರ್ಧಾನೇನ್ರಿ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಜನ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಆ ಫೋಟೋದ ಪ್ರತಿಯನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಚಾದರ ಮುಚ್ಚಿದಳು.

ಮರುದಿನ ಅಂಗಡಿ ತೆಗೆಯುವ ಹೊತ್ತಿಗೆ ನಾನು ಬಾಗಿಲಲ್ಲಿದ್ದೆ.

"ಫೋಟೋನ ಹಂಗ ಐತ್ರಿ ಸರ್," ಅಂದ ಮಾಲೀಕ, ತಲೆ ಎತ್ತದೆ. "ಮಂದಿ ಮೊಬೈಲ್‌ನಾಗ ತಗದು ತರ್ತಾರ, ನಾ ಏನ್ ಮಾಡ್ಲಿ? ಅಲ್ಲಾ, ಅಕ್ಕಾರು ತುದೀಗೆ ಯಾಕ ನಿಂತ್ರು?"

ಅಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಇವನ ಬಾಯಿಂದಲೇ ತಪ್ಪು ಒಪ್ಪಿಸಬೇಕು, ಅದೂ ಅವಳ ಮುಂದೆ ಎಂದು ಆಗಲೇ ನಿಶ್ಚಯ ಮಾಡಿದೆ.

ನರಗುಂದದಲ್ಲಿ ಹುಡುಗಿಯರ ಹೊಲಿಗೆ ಪ್ರದರ್ಶನಕ್ಕೆ ಇನ್ನೊಂದು ಫ್ಲೆಕ್ಸ್ ಬೇಕಿತ್ತು, ಫೋಟೋ ಅದೇ. ಮೊದಲು ಅದನ್ನು ರೋಣದ ಝೆರಾಕ್ಸ್ ಅಂಗಡಿಯಲ್ಲಿ ಸಣ್ಣ ಹಾಳೆಗೆ ಹಾಕಿಸಿ ನೋಡಿದೆ. ಮುಖ ಪೂರ್ತಿ ಬಂತು. ಹಳೆಯ ಫ್ಲೆಕ್ಸನ್ನು ನೆಲಕ್ಕೆ ಹಾಸಿ ಅಳೆದೆ. ಬಲಗಡೆ ನಾಲ್ಕು ಇಂಚು ಹೋಗಿತ್ತು, ಎಡಗಡೆ ನಾಲ್ಕು ಇಂಚು ಬಿಳಿಯಾಗಿ ಉಳಿದಿತ್ತು. ಅಂದರೆ ಚಿತ್ರ ದೊಡ್ಡದಾಗಿರಲಿಲ್ಲ, ಇಡಿಯಾಗಿ ಬಲಕ್ಕೆ ಜಾರಿತ್ತು.

ಮತ್ತೆ ಗಜೇಂದ್ರಗಡಕ್ಕೆ ಹೋದೆ. ರೋಲು ಓರೆಯಾಗಿದೆಯೇನೋ ಎಂದು ತೆಗೆಸಿ ಮತ್ತೆ ಹಾಕಿಸಿದೆ. ಕಂಪ್ಯೂಟರಿನಲ್ಲಿ ಕೊಟ್ಟ ಅಗಲವನ್ನು ಟೇಪು ಹಿಡಿದು ತಾಳೆ ನೋಡಿದೆ. ಎರಡೂ ಸರಿ ಇದ್ದವು. "ಸರ್, ಡ್ರಿಲ್ ಮಾಡಸ್ತೀರೇನ್ರಿ ಮಿಷನ್‌ಗೆ?" ಎಂದು ನಕ್ಕು, ಒಂದು ಗೇಣು ಪರೀಕ್ಷೆಗೆ ಓಡಿಸಿ ಅವನು ಚಹಾಕ್ಕೆ ಹೋದ.

ನಾನು ಬಗ್ಗಿ ನೋಡಿದೆ. ಮಿಷನ್ನಿನ ತಲೆ ಮೊದಲು ಬಲತುದಿಯಿಂದ ಬರಿದೇ ಒಮ್ಮೆ ಅಡ್ಡ ಓಡುತ್ತದೆ. ಅದರ ಕೆಳಗೊಂದು ಸಣ್ಣ ಕಣ್ಣಿದೆ. ಫ್ಲೆಕ್ಸಿನ ಅಡಿಯ ಕರಿ ಹಾಸಿನ ಮೇಲೆ ಬಿಳಿ ಎಲ್ಲಿ ಶುರುವಾಗುತ್ತದೆಯೋ ಅಲ್ಲಿಂದ ಫ್ಲೆಕ್ಸ್ ಎಂದು ತಿಳಿಯುತ್ತದೆ. ಆ ಕರಿ ಹಾಸಿನ ಬಲತುದಿಯಲ್ಲಿ, ಫ್ಲೆಕ್ಸಿನ ಹೊರಗೆ, ದಿನಾ ಮುಂಜಾನೆಯ ಪೂಜೆಯಲ್ಲಿ ಅವನು ಬಳಿಯುವ ಮೂರು ಬೆರಳಿನ ವಿಭೂತಿ ಪಟ್ಟೆ! ಕಣ್ಣು ಅದನ್ನೇ ಅಂಚೆಂದು ನಂಬಿತ್ತು. ಬಲತುದಿಯ ನಾಲ್ಕು ಇಂಚಿನ ಇಂಕೆಲ್ಲ ಫ್ಲೆಕ್ಸಿನ ಹೊರಗೆ, ವಿಭೂತಿಯ ಮೇಲೆ ಬೀಳುತ್ತಿತ್ತು. ಮೈದಾನದಲ್ಲಿ ಹಳೆಯ ಸುಣ್ಣದ ಗೆರೆ ಅಳಿಸದಿದ್ದರೆ ಹುಡುಗರು ಅಲ್ಲಿಂದಲೇ ಓಟ ಶುರು ಮಾಡುತ್ತಿದ್ದುದು ನೆನಪಾಯಿತು.

ಕರವಸ್ತ್ರದಿಂದ ಒರೆಸಿದೆ. ಅವನು ಬಂದು ನರಗುಂದದ ಫ್ಲೆಕ್ಸ್ ಓಡಿಸಿದ. ಹೆಂಡತಿಯ ಮುಖ ಪೂರ್ತಿ ಬಂತು, ಎರಡೂ ಕಿವಿಯ ಬೆಂಡೋಲೆ ಸಮೇತ. ಆಗಲೇ ಹೇಳಿಬಿಡುತ್ತಿದ್ದೆನೋ ಏನೋ.

"ನೋಡ್ರಿ, ಈ ಸಲ ಫೋಟೋ ಚಲೋ ತಂದೀರಿ," ಅಂದ.

ಅವನು ಫ್ಲೆಕ್ಸ್ ಸುತ್ತಲು ಆಚೆ ತಿರುಗಿದಾಗ, ದೇವರ ಪಟದ ಮುಂದಿನ ತಟ್ಟೆಯಿಂದ ವಿಭೂತಿ ತೆಗೆದು, ಅದೇ ಜಾಗದಲ್ಲಿ ಮೂರು ಬೆರಳು ಎಳೆದೆ.

ಹದಿನೈದು ದಿನ ಕಾದೆ. ಅವನು ವ್ಯಾಪಾರಸ್ಥರ ಸಂಘಕ್ಕೆ ಆರಿಸಿ ಬಂದ. ಬಸ್‌ಸ್ಟ್ಯಾಂಡಿನ ಎದುರು ಅಭಿನಂದನೆಯ ಫ್ಲೆಕ್ಸ್ ಎದ್ದಿತು. ಹಿರಿಯರಿಗೆ ನಡುವಿನ ಜಾಗ ಬಿಟ್ಟು ಅವನು ಬಲತುದಿಯಲ್ಲಿ ಕೈ ಮುಗಿದು ನಿಂತಿದ್ದ. ಒಂದು ಕೈ ಇತ್ತು, ಅರ್ಧ ಮೀಸೆ ಇತ್ತು. ನಾನು ಅದನ್ನು ನೋಡಲೆಂದೇ ಬಸ್ ಹತ್ತಿ ಹೋಗಿದ್ದೆ. ಕಣ್ಣು ತುಂಬ ನೋಡಿದೆ. ಆಮೇಲೆ ಅಂಗಡಿಗೆ ನಡೆದೆ.

"ತುದೀಗೆ ಯಾಕ ನಿಂತ್ರಿ?" ಅಂದೆ.

ಅವನ ಮುಖ ಇಳಿಯಿತು. "ಮೂರು ಸಲ ಹೊಡದ್ನಿ ಸರ್. ಏನಾಗೇತೋ ತಿಳೀವಲ್ದು. ನಿಮಗೇನರ ಗೊತ್ತೈತೇನ್ರಿ?"

"ಗೊತ್ತೈತಿ. ರವಿವಾರ ಹತ್ತಕ್ಕ ನಮ್ಮನಿಗೆ ಬಾ. ಫೋಟೋ ಸರಿ ಇತ್ತು ಅಂತ ಆಕಿ ಮುಂದ ಹೇಳು. ಆಮ್ಯಾಲೆ ಹೇಳ್ತೀನಿ."

ಹತ್ತು ನಿಮಿಷ ಮೊದಲೇ ಬಂದ. ಹತ್ತಾಗುವವರೆಗೆ ನಾನು ಬಾಗಿಲು ತೆಗೆಯಲಿಲ್ಲ.

"ಅಕ್ಕಾರ, ಫೋಟೋ ಸರಿ ಇತ್ರಿ. ತಪ್ಪು ನಮ್ಮ ಮಿಷನ್ದು," ಅಂದ, ನೆಲ ನೋಡುತ್ತ.

"ಕೇಳಸ್ಲಿಲ್ಲ," ಅಂದೆ. "ಜೋರಾಗಿ."

ಮತ್ತೆ ಹೇಳಿದ. ಮೂರನೆಯ ಸಲ ಹೇಳಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ, "ಸಾಕು ಬಿಡ್ರಿ. ತಮ್ಮಾ, ಆ ವಿಭೂತಿ ಮಿಷನ್ ಒಳಗ ಹಚ್ಚಬ್ಯಾಡ, ಮ್ಯಾಲ ಹಚ್ಚು," ಎಂದು, ಹಿಂದಿನ ರಾತ್ರಿ ನಾನು ಹೇಳಿದ್ದ ಗುಟ್ಟನ್ನು ಅವಳೇ ಹೇಳಿಬಿಟ್ಟಳು.

ನನಗೆ ಇನ್ನೂ ಒಂದು ಸಲ ಬೇಕಿತ್ತು. ಅವಳು ಚಹಾ ತರಲು ಒಳಗೆ ಹೋದಳು. ಬರುವಾಗ ಟ್ರಂಕಿನಲ್ಲಿದ್ದ ಫೋಟೋ ತಂದು, ಇಬ್ಬರ ಕಣ್ಣಿಗೂ ಬೀಳುವಂತೆ ಕಪಾಟಿನ ಮೇಲೆ ನಿಲ್ಲಿಸಿದಳು.