ಗೋಡೆಯ ಮೇಲಿನ ಹದಿನೆಂಟು ಗೀರು

ಹಸಿ ಸುಣ್ಣದ ವಾಸನೆ ಈಗ ಎಲ್ಲಿ ಸಿಗುತ್ತದೆ ಹೇಳಿ. ಡಬ್ಬಿಯ ಬಣ್ಣ ಬಂದ ಮೇಲೆ ಗೋಡೆಗಳು ಚೆಂದವೇನೋ ಆದವು, ಆದರೆ ಹಬ್ಬ ಬಂತೆಂದು ಮೂಗಿಗೆ ತಿಳಿಯುವುದು ತಪ್ಪಿಹೋಯಿತು. ಮೊನ್ನೆ ದೀಪಾವಳಿಗೆ ಎರಡು ದಿನ ಇರುವಾಗ ನಮ್ಮ ಓಣಿಯ ಕೊನೆಯಲ್ಲಿ ಯಾರೋ ಪುಣ್ಯಾತ್ಮರು ದನದ ಕೊಟ್ಟಿಗೆಗೆ ಸುಣ್ಣ ಬಳಿಸುತ್ತಿದ್ದರು. ಮಣ್ಣಿನ ಹರವಿಯಲ್ಲಿ ನೆನೆದ ಸುಣ್ಣ, ಅದಕ್ಕೆ ಚೂರು ನೀಲಿ, ನಾರಿನ ಕುಂಚ. ಮಣ್ಣಿನ ಗೋಡೆ ಅದನ್ನು ಕುಡಿಯುವಾಗ ಏಳುವ ಆ ತಣ್ಣನೆಯ, ಗಂಟಲು ಕೆರೆಯುವ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ಜೊತೆಗಿದ್ದ ಮೊಮ್ಮಗಳು ಕಾಲು ನೋಯುತ್ತಿವೆಯೇ ಎಂದು ಕೇಳಿದಳು. ಹೂಂ ಅಂದೆ. ಈ ವಯಸ್ಸಿನಲ್ಲಿ ಎಲ್ಲವನ್ನೂ ಕಾಲಿನ ಮೇಲೆ ಹಾಕಿದರೆ ಯಾರೂ ಹೆಚ್ಚು ಕೇಳುವುದಿಲ್ಲ.

ಕೊಪ್ಪಳದಲ್ಲಿ ನಮ್ಮದೊಂದು ಖಾನಾವಳಿ ಇತ್ತು. ನಿಜಾಮರ ಕಾಲ, ದೊಡ್ಡ ಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ಹೊರಗೆ ಉದ್ದನೆಯ ಪಡಸಾಲೆ, ಅಲ್ಲಿ ಗಿರಾಕಿಗಳು ಸಾಲಾಗಿ ಕೂತು ಉಣ್ಣುತ್ತಿದ್ದರು. ಒಳಗೆ ಹೊಗೆ ಹಿಡಿದ ಅಡಿಗೆಮನೆ, ಅಲ್ಲಿ ನಮ್ಮವ್ವ. ಜೋಳದ ರೊಟ್ಟಿ ತಟ್ಟುವ ಸದ್ದು ಬೆಳಗಿನಿಂದ ನಿಲ್ಲುತ್ತಿರಲಿಲ್ಲ. ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ, ಅದರ ಮೇಲೆ ಹಸಿ ಕುಸುಬೆ ಎಣ್ಣೆ. ಉಣ್ಣಲು ಬರುತ್ತಿದ್ದವರು ಹೆಚ್ಚಾಗಿ ಕಚೇರಿಗೆ ಅಲೆಯುತ್ತಿದ್ದ ದಾವೆದಾರರು. ಅಪ್ಪನಿಗೆ ಅವರನ್ನು ಕಂಡರೆ ಎಲ್ಲಿಲ್ಲದ ಮರುಕ. ದಾವೆ ಗೆದ್ದ ಮೇಲೆ ಕೊಡುತ್ತೇನೆ ಎಂದವರಿಗೆಲ್ಲ ಬಡಿಸಿದ. ಆ ದಾವೆಗಳು ಅಪ್ಪ ಇರುವ ತನಕ ಒಂದೂ ಗೆಲ್ಲಲಿಲ್ಲ. ನನಗೆ ಆರು ವರ್ಷವಿದ್ದಾಗ ಅಪ್ಪ ಜ್ವರ ಬಂದು ಎಂಟೇ ದಿನದಲ್ಲಿ ತೀರಿಕೊಂಡ. ಅಷ್ಟು ಮಂದಿಗೆ ಬಡಿಸಿದ ಕೈ ಅವ್ವನಿಗೆ ಬಿಟ್ಟುಹೋದದ್ದು ಐದು ಮಂದಿಯ ಸಾಲ: ಜೋಳದವರು, ಬ್ಯಾಳಿ ಅಂಗಡಿಯವರು, ಕಟ್ಟಿಗೆಯವರು, ಮನೆಯ ಬಾಡಿಗೆಯವರು, ಎಣ್ಣೆ ಅಂಗಡಿಯ ಬಸಣ್ಣ.

ಸಾಲ ಕೊಟ್ಟವರು ಬರುತ್ತಿದ್ದದ್ದು ಸರಿಯಾಗಿ ಊಟದ ಹೊತ್ತಿಗೆ. ಪಡಸಾಲೆಯಲ್ಲಿ ಗಿರಾಕಿ ಕೂತಿರುವಾಗ ಬಾಗಿಲಲ್ಲಿ ನಿಂತು ದನಿ ಏರಿಸಿದರೆ ಕೊಡುವವರು ಕೊಟ್ಟಾರೆಂದು ಅವರ ಲೆಕ್ಕ. ಆದದ್ದು ಬೇರೆ, ಗಿರಾಕಿಗಳೇ ಕಡಿಮೆಯಾದರು. ಆಗ ನಡುವೆ ಬಂದವರು ಮುನ್ಷಿ ಅಜ್ಜ. ಕಚೇರಿಯಲ್ಲಿ ಬರೆದು ಬರೆದು ಬೆನ್ನು ಬಾಗಿದ ಮುದುಕರು. ನಮ್ಮಲ್ಲಿ ದುಡ್ಡು ಕೊಟ್ಟು ಉಣ್ಣುತ್ತಿದ್ದ ಕೆಲವೇ ಮಂದಿಯಲ್ಲಿ ಒಬ್ಬರು. ಒಂದು ದಿನ ಗಿರಾಕಿಗಳು ಎದ್ದುಹೋದ ಮೇಲೆ ಐದು ಮಂದಿಯನ್ನೂ ಪಡಸಾಲೆಯಲ್ಲಿ ಕೂಡಿಸಿ, ಮೊದಲು ಹೊಟ್ಟೆ ತುಂಬ ಉಣ್ಣಿಸಿ, ಆಮೇಲೆ ಮಾತು ತೆಗೆದರು. ಇನ್ನು ಬಡ್ಡಿ ಬೆಳೆಯಬಾರದು. ಯಾರೂ ಬಾಗಿಲಿಗೆ ಬಂದು ಕೂಗಬಾರದು. ಅವ್ವ ಪ್ರತಿ ಸೋಮವಾರ ಉಳಿದದ್ದನ್ನು ಅಜ್ಜನ ಕೈಗೆ ಕೊಡಬೇಕು, ಅಜ್ಜ ಐವರಿಗೂ ಹಂಚುವರು. ಹೊಸ ಸಾಲ ಒಂದು ಬಿಡಿಗಾಸೂ ಮಾಡಕೂಡದು. ಇಷ್ಟಕ್ಕೆ ಎಲ್ಲರೂ ಒಪ್ಪಿದ ಮೇಲೆ ಅಜ್ಜ ಅವ್ವನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದರು.

"ನೋಡವಾ ಗುರವ್ವ, ಸಾಲ ತೀರೂತನಕ ಒಲಿ ಒಂದ ದಿನಾನೂ ತಣ್ಣಗಾಗಬಾರದು. ಇವರು ಒಪ್ಪಿದ್ದು ನಿನ್ನ ಒಲಿ ನೋಡಿ."

ಅವ್ವ ಸೆರಗು ಸರಿಮಾಡಿಕೊಂಡು ಹೂಂ ಅಂದಳು. ಆ ಒಂದು ಹೂಂ ನಾಲ್ಕು ವರ್ಷ ನಡೆಯಿತು. ಅವಳ ತವರು ಅಳವಂಡಿ, ಬಂಡಿಯಲ್ಲಿ ಹೋದರೆ ಅರ್ಧ ದಿನದ ಹಾದಿ. ಆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೋಗಲಿಲ್ಲ. ಹೋಗಿ ಬಂದರೆ ಎರಡು ದಿನ ಒಲೆ ತಣ್ಣಗಾಗುತ್ತಿತ್ತು, ಮತ್ತೆ ನನ್ನ ಕೈಯ ರೊಟ್ಟಿಯನ್ನು ಆಗ ನಾಯಿಯೂ ಮೂಸುತ್ತಿರಲಿಲ್ಲ. ಜ್ವರ ಬಂದಾಗಲೂ ಅವ್ವ ಹಣೆಗೆ ಬಟ್ಟೆ ಕಟ್ಟಿಕೊಂಡು ರೊಟ್ಟಿ ಬಡಿದಳು. ಮಲಗುವಾಗ ಬಲಗೈ ಎತ್ತಲಾಗದೆ ಎಡಗೈಯಿಂದ ಹಿಡಿದು ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಒಬ್ಬೊಬ್ಬರದೇ ತೀರಿತು. ಕಟ್ಟಿಗೆಯವರದು ಮೊದಲು, ಆಮೇಲೆ ಬ್ಯಾಳಿ, ಬಾಡಿಗೆ, ಜೋಳ. ತೀರಿದ ದಿನ ಮುನ್ಷಿ ಅಜ್ಜ ಬಂದು ಹೇಳುತ್ತಿದ್ದರು, ಅವ್ವ ನಗುತ್ತಾಳೇನೋ ಎಂದು ನಾನು ಮುಖ ನೋಡುತ್ತಿದ್ದೆ. ಅವಳು ಮುಂದಿನ ರೊಟ್ಟಿಗೆ ಹಿಟ್ಟು ಹಿಡಿಯುತ್ತಿದ್ದಳು.

ಕೊನೆಗೆ ಉಳಿದದ್ದು ಬಸಣ್ಣನದು. ನಾಲ್ಕನೆಯ ವರ್ಷದ ಯುಗಾದಿಗೆ ಅಜ್ಜ ಹೊಸ ಕರಾರು ಮಾಡಿಸಿದರು: ಬಸಣ್ಣನಿಗೆ ದುಡ್ಡು ಬೇಡ, ಹೊತ್ತಿಗೊಂದರಂತೆ ದಿನಕ್ಕೆರಡು, ಒಟ್ಟು ನಾಲ್ಕು ನೂರು ಊಟ. ಬಸಣ್ಣನಿಗೆ ಹೆಂಡತಿ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಸಾಲ ಕೊಟ್ಟವರನ್ನು ಗಿರಾಕಿಗಳ ಸಾಲಿನಲ್ಲಿ ಕೂಡಿಸಬಾರದೆಂಬುದು ನಮ್ಮ ಮನೆಯ ರೀತಿ. ಹಾಗಾಗಿ ಅವನಿಗೆ ಅಡಿಗೆಮನೆಯ ಒಳಗೇ, ಒಲೆಯ ಪಕ್ಕದಲ್ಲಿ ಮಣೆ. ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವನ ತಾಟಿಗೆ. ಅವನು ನಿಧಾನವಾಗಿ ಉಣ್ಣುತ್ತ, ಹೆಂಡತಿ ಮಾಡುತ್ತಿದ್ದ ಹಿಂಡಿಗೆ ಬೆಳ್ಳುಳ್ಳಿ ಇನ್ನೂ ಒಂದೆರಡು ಎಸಳು ಹೆಚ್ಚಿಗೆ ಇರುತ್ತಿತ್ತು ಎಂದು ಹೇಳುವನು. ಮರುದಿನ ಅವ್ವ ಹಾಕುವಳು. ನನ್ನನ್ನು ಕೂಸ ಎಂದು ಕರೆದು ತನ್ನ ಜೋಬಿನಿಂದ ಬೆಲ್ಲದ ಚೂರು ತೆಗೆದು ಕೊಡುವನು. ಬಸಣ್ಣ ಕಾಕಾ ಅಂದರೆ ನನಗೆ ಇಷ್ಟವೇ ಇತ್ತು. ಇದನ್ನು ಮುಚ್ಚಿಡುವುದಿಲ್ಲ.

ನಾಲ್ಕು ನೂರರ ಲೆಕ್ಕ ಇದ್ದದ್ದು ಅಡಿಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ. ಅವ್ವನಿಗೆ ಓದು ಬರೆಹ ಬಾರದು, ಬಸಣ್ಣನಿಗೂ ಅಷ್ಟಕ್ಕಷ್ಟೇ. ಇದ್ದಿಲಿನಿಂದ ಐದೈದರ ಗುಂಪಿನಲ್ಲಿ ನಾಲ್ಕು ನೂರು ಗೀರು ಎಳೆದಿದ್ದರು. ಅವನು ಉಂಡು ಕೈತೊಳೆದು ಎದ್ದ ಕೂಡಲೇ ಅವನ ಕಣ್ಣೆದುರೇ ಒಂದು ಗೀರು ಅಳಿಸಬೇಕು. ಆಗ ನಮ್ಮಲ್ಲಿ ಇಂಥ ಗೀರುಗಳಿಗೆ ಕಾಗದದಷ್ಟೇ ಬೆಲೆ, ಯಾರೂ ಎದುರು ಮಾತಾಡುತ್ತಿರಲಿಲ್ಲ. ಅಳಿಸುವ ಕೆಲಸ ನನ್ನದು. ಬೆರಳು ನೀರಿಗೆ ಅದ್ದಿ ತಿಕ್ಕುವುದು. ನನಗೆ ಅದರಷ್ಟು ಸುಖದ ಕೆಲಸ ಇನ್ನೊಂದಿರಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಹದಿನೆಂಟು ಉಳಿದಿದ್ದವು. ಹಾಗಿದ್ದ ದಿನ ಬೆಳಗ್ಗೆಯೇ ಅಳವಂಡಿಯಿಂದ ಬಂದ ಬಂಡಿಯವನ ಕೈಯಲ್ಲಿ ಅವ್ವನ ಅವ್ವ, ನಮ್ಮ ಅಳವಂಡಿ ಆಯಿ ಹೇಳಿ ಕಳಿಸಿದ್ದಳು: ಕಣ್ಣು ಪೂರ್ತಿ ಹೋಗಿವೆ, ಮೈಯಲ್ಲಿ ಕಸುವಿಲ್ಲ, ಒಮ್ಮೆ ಬಂದು ಹೋಗು. ಅವ್ವ ಗೋಡೆಯ ಕಡೆ ನೋಡಿ ಬೆರಳು ಮಡಚಿದಳು. ಒಂಬತ್ತು ದಿನ ಕಳೆದು ಹತ್ತನೆಯ ದಿನ ಬೆಳಗ್ಗೆ ಹೊರಡುತ್ತೇನೆಂದು ಹೇಳಿ ಕಳಿಸಿದಳು. ಆ ದಿನ ಅವಳು ನಕ್ಕಳು. ಹೊಸದೊಂದು ಇಳಕಲ್ ಸೀರೆ ಪೆಟ್ಟಿಗೆಯ ತಳದಲ್ಲಿತ್ತು, ಅದನ್ನು ತೆಗೆದು ಬಿಸಿಲಿಗೆ ಹಾಕಿದಳು.

ಅಂದೇ ಹಬ್ಬಕ್ಕೆ ಸುಣ್ಣ ಬಳಿಯುವ ಕೆಲಸ ನನಗೆ ಬಂತು. ಗೀರುಗಳ ಸುತ್ತ ಒಂದು ಗೇಣು ಬಿಟ್ಟು ಬಳಿ ಎಂದು ಅವ್ವ ಎರಡೆರಡು ಸಲ ಹೇಳಿದಳು. ಹಾಗೇ ಬಳಿದೆ. ಆದರೆ ಅಷ್ಟು ಬೆಳ್ಳನೆಯ ಗೋಡೆಯ ನಡುವೆ ಆ ಕರೀ ಮಸಿಯ ತುಂಡು ಎಷ್ಟು ಹೊಲಸಾಗಿ ಕಾಣುತ್ತಿತ್ತೆಂದರೆ ನನಗೆ ತಡೆಯಲಾಗಲಿಲ್ಲ. ಮಸಿ ಇದ್ದ ಮನೆಗೆ ಲಕ್ಷ್ಮಿ ಬರುವುದಿಲ್ಲವೆಂದು ಓಣಿಯ ಹೆಂಗಸರು ಮಾತಾಡಿದ್ದು ಕಿವಿಯಲ್ಲಿತ್ತು. ಹದಿನೆಂಟು ಎನ್ನುವುದು ಏನು ಮರೆಯುವ ಸಂಖ್ಯೆಯೇ? ಬಳಿದು, ಒಣಗಿದ ಮೇಲೆ ಮತ್ತೆ ಎಳೆದರಾಯಿತು. ಬಳಿದೆ. ಒಣಗಿದ ಮೇಲೆ ಹೊಸ ಇದ್ದಿಲು ತಂದು ನೆಟ್ಟಗೆ, ಅಂದವಾಗಿ ಹದಿನೆಂಟು ಗೀರು ಎಳೆದೆ. ದೂರ ನಿಂತು ನೋಡಿ ನನಗೇ ಹೆಮ್ಮೆಯಾಯಿತು.

ಮಧ್ಯಾಹ್ನ ಬಸಣ್ಣ ಉಂಡು ಎದ್ದವನು ಗೋಡೆಯ ಮುಂದೆ ನಿಂತೇ ಇದ್ದ. ಬೆರಳಿನಿಂದ ಸುಣ್ಣ ಮುಟ್ಟಿದ, ಗೀರು ಮುಟ್ಟಿದ. ಇವು ಇವತ್ತು ಎಳೆದವು ಅಂದ. ನಾನು ಹೌದೆಂದು ಕುಣಿಯುತ್ತ ಹೇಳಿದೆ. ಅವನು ಒಲೆಯ ಕಡೆ, ತನ್ನ ಮಣೆಯ ಕಡೆ ನೋಡಿದ. ಆಮೇಲೆ ಮೆಲ್ಲಗೆ, ತಾನು ಎಣ್ಣೆ ತರಲು ಕುಕನೂರು, ಗಂಗಾವತಿ ಎಂದು ಊರಲ್ಲಿಲ್ಲದ ದಿನವೂ ಕೂಸು ಗೀರು ಅಳಿಸಿರಬೇಕು, ತನ್ನ ಲೆಕ್ಕದಲ್ಲಿ ನಲವತ್ತೆರಡು ಉಳಿದಿವೆ ಅಂದ. ನಾನು ಹದಿನೆಂಟೇ, ಹದಿನೆಂಟೇ ಎಂದು ಅತ್ತೆ. ಮುನ್ಷಿ ಅಜ್ಜನನ್ನು ಕರೆಸಿದರು. ಅಜ್ಜ ಹೊಸ ಗೀರುಗಳನ್ನು ಕನ್ನಡಕ ಏರಿಸಿ ನೋಡಿ ನಿಟ್ಟುಸಿರು ಬಿಟ್ಟರು. ಗೀರು ಕೆಟ್ಟರೆ ಕೊಟ್ಟವನ ಮಾತೇ ಮಾತು, ಅದು ಎಲ್ಲರಿಗೂ ಗೊತ್ತಿದ್ದದ್ದು. ಅವ್ವ ನನ್ನ ಮುಖ ನೋಡಿದಳು, ಗೋಡೆ ನೋಡಿದಳು. ಹದಿನೆಂಟೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬಸಣ್ಣಾರು ಹೇಳಿದಂಗ ಆಗ್ಲಿರಿ," ಅಂದಳು. "ನಾಕ ವರ್ಷ ಮಾಡೀನಿ, ಇನ್ನೊಂದಿಷ್ಟ ದಿನ ಮಾಡ್ತೀನಿ."

ನನ್ನ ಕೈಯಿಂದ ಇದ್ದಿಲು ತೆಗೆದುಕೊಂಡು ತಾನೇ ಇನ್ನೂ ಇಪ್ಪತ್ತನಾಲ್ಕು ಗೀರು ಎಳೆದಳು. ಇನ್ನು ಹನ್ನೆರಡು ದಿನ ತಡವಾಗುತ್ತದೆಂದು ಅಳವಂಡಿಗೆ ಮತ್ತೆ ಹೇಳಿ ಕಳಿಸಿದಳು. ಸೀರೆ ಮಡಿಸಿ ಪೆಟ್ಟಿಗೆಗೆ ಇಟ್ಟಳು. ನನ್ನನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಅಂದೇ ಮುಗಿದುಹೋಗುತ್ತಿತ್ತು.

ಒಂಬತ್ತು ದಿನ ಕಳೆದವು. ಹತ್ತನೆಯ ದಿನ ಬೆಳಗ್ಗೆ ಅವ್ವ ಎಂದಿನಂತೆ ಒಲೆ ಹಚ್ಚಿದಳು. ಹದಿನಾಲ್ಕನೆಯ ದಿನ ಬೆಳಗ್ಗೆ, ಇನ್ನೂ ಹದಿನಾರು ಗೀರು ಇರುವಾಗ, ಬಂಡಿಯವನು ಬಂದು ಬಾಗಿಲಲ್ಲಿ ನಿಂತ. ತಲೆಯ ರುಮಾಲು ಕೈಯಲ್ಲಿತ್ತು. ಅವ್ವ ಅವನನ್ನು ನೋಡಿ ಒಲೆಯ ಕಡೆ ಹೋದಳು. ಉರಿಯುವ ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಒಲೆ ಆರಿತು. ನಾವು ಅಳವಂಡಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು, ಆಯಿಯನ್ನು ಮಣ್ಣು ಮಾಡಿ ಮಂದಿ ಕೆರೆಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಅವ್ವ ಹಸಿ ಮಣ್ಣಿನ ಮೇಲೆ ಎರಡೂ ಕೈ ಊರಿ ಕೂತಳು. ಸೋದರಮಾವನ ಹೆಂಡತಿ ನನ್ನ ಕೈಗೆ ಎರಡು ಶೇಂಗಾ ಉಂಡಿ ಇಟ್ಟಳು. ಮಗಳು ಮೊಮ್ಮಗಳು ಬರುತ್ತಾರೆಂದು ಆಯಿ ಮಾಡಿಸಿ, ಒಂಬತ್ತು ದಿನ ಕಳೆದ ಮೇಲೂ ಯಾರಿಗೂ ಮುಟ್ಟಗೊಡದೆ ಇಟ್ಟಿದ್ದಳಂತೆ. ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗಿದ್ದವು.

ಮೂರು ದಿನ ಬಿಟ್ಟು ಬಂದು ಅವ್ವ ಮತ್ತೆ ಒಲೆ ಹಚ್ಚಿ, ಬಸಣ್ಣನಿಗೆ ಹೇಳಿ ಕಳಿಸಿದಳು. ಅವನು ಬಂದ, ತಲೆ ತಗ್ಗಿಸಿ ಉಂಡ. ಬೆಲ್ಲ ಕೊಡಲಿಲ್ಲ, ಕೊಟ್ಟರೂ ನಾನು ಇಸಿದುಕೊಳ್ಳುತ್ತಿರಲಿಲ್ಲ. ಎಂಟು ದಿನ ಹೀಗೇ ನಡೆಯಿತು. ಕೊನೆಯ ಊಟದ ದಿನ ಅವನು ತುತ್ತು ಕೈಯಲ್ಲೇ ಹಿಡಿದು ಕೂತ.

"ತಂಗೀ, ಹದಿನೆಂಟ ಇದ್ದುವು," ಅಂದ ಅವ್ವನಿಗೆ. "ಸಾಲ ತೀರಿ ಈ ಮಣಿ ಬಿಟ್ಟ ಪಡಸಾಲ್ಯಾಗ ಕುಂದ್ರೂದು ನನಗ ಆಗಲಿಲ್ಲ. ನಿಮ್ಮವ್ವನ ಸುದ್ದಿ ನನಗ ಗೊತ್ತಿರಲಿಲ್ಲವಾ."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಈಗ ಹೇಳಿ ಏನ ಮಾಡೂದೈತ್ರಿ," ಅಂದಳು. "ರೊಟ್ಟಿ ಆರತೈತಿ, ಉಣ್ರಿ."

ಅವನು ಉಂಡ. ನಾನು ಕೊನೆಯ ಗೀರು ಅಳಿಸಿದೆ. ಸಾಲ ಮುಗಿಯಿತು. ಮುನ್ಷಿ ಅಜ್ಜ ಬಂದು ಅವ್ವನ ತಲೆಯ ಮೇಲೆ ಕೈಯಿಟ್ಟು, ಇನ್ನು ನಿನ್ನನ್ನು ಕೇಳುವವರು ಯಾರೂ ಇಲ್ಲ ಅಂದರು. ಬಸಣ್ಣ ಮತ್ತೆಂದೂ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಕೆಲವು ವರ್ಷದ ಮೇಲೆ ಒಬ್ಬನೇ ಸತ್ತನಂತೆ. ಸುದ್ದಿ ಕೇಳಿ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವನನ್ನು ಬಯ್ಯಲು ಹೋದಾಗಲೆಲ್ಲ ಕುಂಚ ಹಿಡಿದ ನನ್ನ ಕೈ ಮುಂದೆ ಬರುತ್ತದೆ. ಖಾನಾವಳಿಯೂ ಹೋಯಿತು, ಆ ಓಣಿಯೂ ಹೋಯಿತು. ಅಲ್ಲಿ ಈಗ ಸಿಮೆಂಟಿನ ಅಂಗಡಿಗಳ ಸಾಲು, ನಾನು ಹೋದಾಗ ಯಾವುದು ನಮ್ಮ ಬಾಗಿಲೆಂದು ಗುರುತು ಹತ್ತಲಿಲ್ಲ.

ಅವ್ವ ಬಹಳ ವರ್ಷ ಬದುಕಿದಳು. ಕೊನೆಗಾಲದಲ್ಲಿ ನನ್ನ ಮನೆಯಲ್ಲೇ ಇದ್ದಳು. ಬಲಗೈ ಮೇಲೇಳುತ್ತಿರಲಿಲ್ಲ, ನಾನೇ ರೊಟ್ಟಿ ಹಾಲಿನಲ್ಲಿ ಕಿವುಚಿ ಉಣ್ಣಿಸುತ್ತಿದ್ದೆ. ನನ್ನ ಹೆಸರು ಮರೆತಿದ್ದಳು, ಅಪ್ಪನನ್ನೂ ಮರೆತಿದ್ದಳು. ಉಣ್ಣುತ್ತ ಉಣ್ಣುತ್ತ ನಿಲ್ಲಿಸಿ ಗೋಡೆಯ ಕಡೆ ನೋಡಿ ಕೇಳುತ್ತಿದ್ದಳು.

"ಎಷ್ಟ ಉಳದಾವ?"

ಮೊದಮೊದಲು ಎಲ್ಲಾ ತೀರಿದವು ಅವ್ವಾ ಎನ್ನುತ್ತಿದ್ದೆ. ಅವಳು ನಂಬುತ್ತಿರಲಿಲ್ಲ, ತಲೆಯಾಡಿಸಿ ಮತ್ತೆ ಮತ್ತೆ ಕೇಳುವಳು. ಕೊನೆಕೊನೆಗೆ ಹದಿನೆಂಟು ಅಂದೆ. ಅವಳು ಮಡಚಲು ಬಾರದ ಬೆರಳುಗಳನ್ನು ಮಡಚಲು ನೋಡಿ, ಹಂಗಾದ್ರ ಒಂಬತ್ತ ದಿನ, ಅವ್ವಗ ಹೇಳಿ ಕಳಸು ಎಂದು ಮುಖ ತುಂಬ ನಕ್ಕಳು. ಕಳಿಸುತ್ತೇನೆ ಅಂದೆ. ಆಮೇಲೆ ಅವಳು ಬಾಯಿ ತೆರೆದಳು, ನಾನು ಇನ್ನೊಂದು ತುತ್ತು ಇಟ್ಟೆ.